ಹಾಡಿ, ಪೋಡುಗಳಿಗೆ ಸಂಶೋಧನೆಗೆ ಹೊರಡುವ ಮುನ್ನ: ಹಂತ ಹಂತದ ಮಾರ್ಗದರ್ಶಿ

“ಸೋಲಿಗರ ಬಗ್ಗೆ ಪಿಎಚ್‌ಡಿ ಮಾಡಬೇಕು, ಯಾರ ಪರ್ಮಿಷನ್ ತಗೋಬೇಕು?” “ಜೇನುಕುರುಬರ ಆರೋಗ್ಯದ ಡೇಟಾ ಎಲ್ಲಿ ಸಿಗುತ್ತೆ?” “ಎರಡು ತಿಂಗಳಲ್ಲಿ ನೂರು ಮನೆ ಸರ್ವೆ ಮುಗಿಸಬಹುದಾ?”

ಈ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಎಂ.ಎ., ಎಂಎಸ್‌ಡಬ್ಲ್ಯೂ, ನರ್ಸಿಂಗ್, ಬಿ.ಎಡ್. ಓದುವವರು ಕೇಳುತ್ತಾರೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಹೋಗುವ ಹಾಡಿಗೆ ನಿಮಗಿಂತ ಮೊದಲು ಹತ್ತಾರು ಜನ ಹೋಗಿದ್ದಾರೆ. ಮನೆ ಎಣಿಸಿದ್ದಾರೆ, ಫೋಟೊ ತೆಗೆದಿದ್ದಾರೆ, ರಕ್ತ ತೆಗೆದುಕೊಂಡಿದ್ದಾರೆ. “ಹೋದ ಸಲ ಬಂದು ಬರ್ಕೊಂಡು ಹೋದವರು ಏನು ಮಾಡಿದ್ರು?” ಅಂತ ನಿಮ್ಮನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ತಲೆ ತಗ್ಗಿಸದೆ ಉತ್ತರ ಕೊಡುವ ಹಾಗೆ ನಿಮ್ಮ ಕೆಲಸ ಇರಬೇಕು. ಕೆಳಗಿನ ಹಂತಗಳನ್ನೆಲ್ಲ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ನಾನು ಇಲ್ಲಿ ಮುಖ್ಯವಾಗಿ ಮೈಸೂರು, ಚಾಮರಾಜನಗರ, ಕೊಡಗು ಕಡೆಯ ಕಾಡಿನ ಸಮುದಾಯಗಳ ಬಗ್ಗೆ ಹೇಳುತ್ತೇನೆ. ಹಾಡಿ ಅಂದರೆ ಹೆಗ್ಗಡದೇವನಕೋಟೆ, ಹುಣಸೂರು, ಕೊಡಗಿನ ಕಡೆ ಜೇನುಕುರುಬರು, ಬೆಟ್ಟಕುರುಬರು, ಯರವರು ಇರುವ ಊರು. ಪೋಡು ಅಂದರೆ ಸೋಲಿಗರ ಊರು.

ಶುರು ಮಾಡುವ ಮೊದಲು ಏನೇನು ಬೇಕು?

ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಸಮಯ. ಪಿಎಚ್‌ಡಿ ಆದರೆ ಕಡೇಪಕ್ಷ ಒಂದು ಇಡೀ ವರ್ಷದ ಕಾಲಚಕ್ರವನ್ನು ಅಲ್ಲಿ ನೋಡಬೇಕು. ಎಂ.ಎ. ಪ್ರಬಂಧ ಆದರೆ ಒಂದೇ ಪೋಡು, ಒಂದೇ ಸಣ್ಣ ಪ್ರಶ್ನೆ ಸಾಕು. ಎರಡು ತಿಂಗಳಲ್ಲಿ ನೂರು ಮನೆಯ ಸರ್ವೆ ಮಾಡಿದರೆ ನಿಮಗೆ ನೂರು ಫಾರಂ ಸಿಗುತ್ತದೆ, ಅಷ್ಟೆ. ಅದರಲ್ಲಿ ಬರೆದ ಉತ್ತರವನ್ನು ನೀವೇ ನಂಬಲು ಆಗುವುದಿಲ್ಲ.

ಯಾವ ತಿಂಗಳು ಹೋಗುತ್ತೀರಿ ಅನ್ನುವುದೂ ಮುಖ್ಯ. ಕಾಫಿ ಕೊಯ್ಲಿನ ಕಾಲದಲ್ಲಿ, ಅಂದರೆ ಸುಮಾರು ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ದುಡಿಯುವವರೆಲ್ಲ ತೋಟಗಳಿಗೆ ಹೋಗಿರುತ್ತಾರೆ. ನೆಲ್ಲಿಕಾಯಿ ಕಾಲದಲ್ಲಿ, ಜೇನಿನ ಕಾಲದಲ್ಲಿ ಕಾಡಿನಲ್ಲಿರುತ್ತಾರೆ. ಆಗ ಹಗಲು ಹೋಗಿ “ಮನೆಯಲ್ಲಿ ಸಿಕ್ಕವರನ್ನು” ಮಾತಾಡಿಸಿದರೆ ವಯಸ್ಸಾದವರ, ಚಿಕ್ಕ ಮಕ್ಕಳ ಲೆಕ್ಕ ಮಾತ್ರ ಸಿಗುತ್ತದೆ. ಆಮೇಲೆ “ದುಡಿಯುವ ಗಂಡಸರು ಕಡಿಮೆ” ಅಂತ ವರದಿಯಲ್ಲಿ ಬರೆದುಬಿಡುತ್ತೀರಿ!

ಭಾಷೆಗೂ ತಯಾರಿ ಬೇಕು. ಎಲ್ಲರಿಗೂ ಕನ್ನಡ ಬರುತ್ತೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಜೇನುಕುರುಬರು, ಸೋಲಿಗರು ಮನೆಯಲ್ಲಿ ಆಡುವ ನುಡಿ ಬೇರೆ. ಕೊಡಗಿನ ಯರವರು ತಮ್ಮನ್ನು ರಾವುಳರು ಎಂದುಕೊಳ್ಳುತ್ತಾರೆ, ಅವರ ನುಡಿಯೂ ಬೇರೆ. ಆಯಾ ಸಮುದಾಯದ ಓದಿದ ಯುವಕ ಯುವತಿಯರಲ್ಲಿ ಒಬ್ಬರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳಿ. ಅವರಿಗೆ ಸರಿಯಾದ ಸಂಬಳ ಕೊಡಿ, ಬರೆಯುವಾಗ ಅವರ ಹೆಸರನ್ನೂ ಹಾಕಿ. ಇದಕ್ಕೆ ಬಜೆಟ್‌ನಲ್ಲಿ ಮೊದಲೇ ದುಡ್ಡು ಎತ್ತಿಡಬೇಕು, ಕೊನೆಗೆ ಉಳಿದರೆ ಕೊಡೋಣ ಅನ್ನುವ ಲೆಕ್ಕ ಬೇಡ.

ಹಂತ 1: ಯಾರ ಬಗ್ಗೆ ಬರೆಯುತ್ತಿದ್ದೀರಿ ಅನ್ನುವುದನ್ನು ಖಚಿತ ಮಾಡಿಕೊಳ್ಳಿ

“ಕರ್ನಾಟಕದ ಬುಡಕಟ್ಟು ಜನರ ಆರೋಗ್ಯ” ಅಂತ ಶೀರ್ಷಿಕೆ ಕೊಟ್ಟವರು ಇಲ್ಲೇ ಎಡವುತ್ತಾರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 42.48 ಲಕ್ಷ, ಅಂದರೆ ಶೇ 6.95. ಇದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನಾಯಕ ಸಮುದಾಯದವರು. ಅದೇ ಗಣತಿಯಲ್ಲಿ ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಕೊರಗರು 15 ಸಾವಿರಕ್ಕಿಂತ ಸ್ವಲ್ಪ ಕಡಿಮೆ.

ಈಗ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆಯಿರಿ. ಅದರ 5ನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಅದರಲ್ಲಿ “ಪರಿಶಿಷ್ಟ ಪಂಗಡ” ಅಂತ ಒಂದೇ ಸಾಲು ಇರುತ್ತದೆ. ಆ ಸಾಲಿನ ಸರಾಸರಿಯಲ್ಲಿ ಜೇನುಕುರುಬರ ಹಾಡಿ ಮುಳುಗಿಹೋಗುತ್ತದೆ. ಬಯಲುಸೀಮೆಯ ಒಂದು ದೊಡ್ಡ ಸಮುದಾಯದ ಅಂಕಿಯನ್ನು ಕಾಡಂಚಿನ ಸಣ್ಣ ಸಮುದಾಯಕ್ಕೆ ಅಂಟಿಸಿದ ಪ್ರಬಂಧಗಳು ಬೇಕಾದಷ್ಟಿವೆ. ದಯವಿಟ್ಟು ನೀವು ಇನ್ನೊಂದನ್ನು ಸೇರಿಸಬೇಡಿ.

ಹೆಸರಿನ ಗೊಂದಲವೂ ಇದೆ. ಕುರಿ ಸಾಕುವ ಕುರುಬರು ಬೇರೆ, ಜೇನುಕುರುಬರು ಬೇರೆ, ಬೆಟ್ಟಕುರುಬರು ಬೇರೆ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಡುಕುರುಬ ಎಂಬ ಹೆಸರು ಮೊದಲಿಂದಲೂ ಇತ್ತು. ಬೆಟ್ಟಕುರುಬ ಅನ್ನುವುದನ್ನು ಅದರ ಪರ್ಯಾಯ ಹೆಸರಾಗಿ ಸೇರಿಸಲು ಸಂಸತ್ತು ಒಪ್ಪಿದ್ದು 2022ರ ಕೊನೆಯಲ್ಲಿ. ಹಾಗಾಗಿ ಹಳೆಯ ಅಂಕಿಗಳಲ್ಲಿ ಯಾರನ್ನು ಯಾವ ಹೆಸರಲ್ಲಿ ಎಣಿಸಿದ್ದಾರೆ ಅಂತ ನೋಡದೆ ಹೋಲಿಕೆ ಮಾಡಬೇಡಿ.

ಪಿವಿಟಿಜಿ ಅನ್ನುವ ಪದವೂ ನಿಮಗೆ ಪದೇ ಪದೇ ಸಿಗುತ್ತದೆ. “ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಗುಂಪು” ಅಂತ ಅದರ ಅರ್ಥ. ದೇಶದಲ್ಲಿ ಇಂಥ 75 ಗುಂಪುಗಳಿವೆ. ಕರ್ನಾಟಕದಲ್ಲಿ ಜೇನುಕುರುಬ ಮತ್ತು ಕೊರಗ, ಇವೆರಡೇ. ಅದು ಸರ್ಕಾರಿ ವರ್ಗೀಕರಣದ ಪದ. ಅದನ್ನು ಸಮುದಾಯದವರ ಎದುರು ನಿಂತು “ನೀವು ದುರ್ಬಲರು” ಅನ್ನುವ ಹಾಗೆ ಬಳಸಬೇಡಿ.

ಎಚ್ಚರಿಕೆ: ಜಾರ್ಖಂಡ್, ಛತ್ತೀಸ್‌ಗಢದ ಬಗ್ಗೆ ಬರೆದದ್ದನ್ನು ಓದಿ ಇಲ್ಲಿಯೂ ಪೆಸಾ ಕಾಯ್ದೆ ಇದೆ ಅಂತ ತುಂಬಾ ಜನ ಬರೆಯುತ್ತಾರೆ. ಸಂವಿಧಾನದ 5ನೇ ಅನುಸೂಚಿಯಲ್ಲಿ ಬರುವ ಪ್ರದೇಶಗಳ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಕಾಯ್ದೆ ಅದು. ಕರ್ನಾಟಕದಲ್ಲಿ 5ನೇ ಅನುಸೂಚಿಯ ಪ್ರದೇಶವೇ ಇಲ್ಲ.

ಹಂತ 2: ಹಳೆಯದನ್ನು ಓದಿ, ಬರೆದವರು ಯಾರು ಅಂತಲೂ ನೋಡಿ

ಇತಿಹಾಸಕ್ಕೆ ಹೊರಟವರು ಮೊದಲು ಬ್ರಿಟಿಷ್ ಕಾಲದ ಬರಹ ಹಿಡಿಯುತ್ತಾರೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ. ಎಡ್ಗರ್ ಥರ್ಸ್‌ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ತಂದ. ಆತ ಜನರ ತಲೆ, ಮೂಗು ಅಳೆಯುತ್ತಿದ್ದವನು. ಇವನ್ನು ಓದಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿರುವುದು ಒಬ್ಬ ಅಧಿಕಾರಿ ತನ್ನ ಕೆಲಸಕ್ಕಾಗಿ ಕಂಡುಕೊಂಡದ್ದು. “ಸೋಲಿಗರು ಹೀಗಿದ್ದರು” ಅನ್ನುವುದಕ್ಕೆ ಅದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ.

ಯಾವ ದಾಖಲೆ ಎಲ್ಲಿದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂದಿನ ಜಿಲ್ಲೆಯ ಗಡಿ ನೋಡಿಕೊಂಡು ಹುಡುಕಿದರೆ ಏನೂ ಸಿಗುವುದಿಲ್ಲ. 1956ಕ್ಕಿಂತ ಮೊದಲು ಆ ಜಾಗ ಯಾರ ಆಡಳಿತದಲ್ಲಿತ್ತು ಅಂತ ಕೇಳಿಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಯಳಂದೂರು ಕಡೆ ಮೈಸೂರು ಸಂಸ್ಥಾನದ್ದು. ಅದರ ಕಡತಗಳಿಗೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಆದರೆ ಪಕ್ಕದ ಕೊಳ್ಳೇಗಾಲ, ಅಂದರೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಸೀಮೆ, ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊರಗರ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಇವೆರಡಕ್ಕೂ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರವನ್ನೂ ನೋಡಬೇಕಾಗುತ್ತದೆ. ಕೊಡಗು ಪ್ರತ್ಯೇಕ ಆಡಳಿತ.

ಇನ್ನೊಂದು ಉಪಾಯ. ಸೂಚಿಯಲ್ಲಿ “ಜೇನುಕುರುಬ” ಅಂತ ಹುಡುಕಿದರೆ ಒಂದೆರಡು ಕಡತ ಸಿಗಬಹುದು. ಅವರ ದುಡಿಮೆ ಇದ್ದ ಕಡೆ ಹುಡುಕಿ. ಕಾಕನಕೋಟೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಹಿಂಡಾಗಿ ಹಿಡಿಯುವ ಕೆಲಸ, ಕೊನೆಯದಾಗಿ ನಡೆದದ್ದು 1971ರಲ್ಲಿ. ಖೆಡ್ಡಾ, ಆನೆ ಶಿಬಿರ, ತೇಗದ ನೆಡುತೋಪು, ಕಾಡಿನ ರಸ್ತೆ, ಇಂಥ ಕಡತಗಳ ಕೂಲಿ ಲೆಕ್ಕದಲ್ಲಿ ಈ ಜನ ಇರುತ್ತಾರೆ.

ಬಾಯಿಮಾತಿನ ಇತಿಹಾಸವನ್ನು ಕಡತಕ್ಕಿಂತ ಕೆಳಗಿಡಬೇಡಿ. ಸೋಲಿಗರು ಬಿಳಿಗಿರಿರಂಗನನ್ನು ಭಾವ ಅನ್ನುತ್ತಾರೆ. ತಮ್ಮ ಹೆಣ್ಣುಮಗಳು ಕುಸುಮಾಲೆಯನ್ನು ಅವನು ಮದುವೆಯಾದ ಅಂತ ಕತೆ. ಬೆಟ್ಟದ ದೇವಸ್ಥಾನಕ್ಕೂ ಕಾಡಿನ ಜನಕ್ಕೂ ಇರುವ ನಂಟು, ಹಕ್ಕು, ಕೊಡುಕೊಳ್ಳುವಿಕೆ ಎಲ್ಲ ಆ ಒಂದು ಸಂಬಂಧದ ಹೆಸರಿನಲ್ಲಿದೆ. ಅದನ್ನು “ದಂತಕತೆ” ಅಂತ ಒಂದು ಸಾಲಿನಲ್ಲಿ ಮುಗಿಸಿದರೆ ನಿಮ್ಮ ಇತಿಹಾಸ ಅರ್ಧಕ್ಕೇ ನಿಂತಿತು.

ಮೈಸೂರಿನಲ್ಲಿರುವವರಿಗೆ ಅನುಕೂಲ ಜಾಸ್ತಿ. ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರ, ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ, ಮೂರೂ ಅಲ್ಲೇ ಇವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗ ಇದೆ. ದೇಶ ಮಟ್ಟದ ಚಿತ್ರಕ್ಕೆ ಎರಡು ವರದಿ ಓದಿ: ಬುಡಕಟ್ಟು ಜನರ ಸ್ಥಿತಿಗತಿಯ ಬಗ್ಗೆ ವರ್ಜೀನಿಯಸ್ ಕ್ಸಾಕ್ಸಾ ಸಮಿತಿಯ 2014ರ ವರದಿ, ಮತ್ತು ಬುಡಕಟ್ಟು ಆರೋಗ್ಯದ ಬಗ್ಗೆ ಅಭಯ್ ಬಂಗ್ ಸಮಿತಿಯ 2018ರ ವರದಿ.

ಹಂತ 3: ಪ್ರಶ್ನೆಯನ್ನು ಅಲ್ಲಿ ಹೋಗಿ ಕಟ್ಟಿ

ಮೊದಲ ಭೇಟಿಗೆ ಪ್ರಶ್ನಾವಳಿ ಒಯ್ಯಬೇಡಿ. ಸುಮ್ನೆ ಹೋಗಿ. ಊರಿನ ಯಜಮಾನರನ್ನು ಕಂಡು, ನೀವು ಯಾರು, ಏಕೆ ಬಂದಿರಿ ಅಂತ ಹೇಳಿ. ಹೆಂಗಸರು ಕೂತು ಮಾತಾಡುವ ಹೊತ್ತು ಯಾವುದು ಅಂತ ತಿಳಿದುಕೊಳ್ಳಿ. “ನಿಮ್ಮ ಬಗ್ಗೆ ಯಾರಾದರೂ ಓದಿ ಬರೆಯುವುದಾದರೆ ಏನು ಬರೆಯಬೇಕು ಅಂತೀರಿ?” ಇದೊಂದನ್ನು ಕೇಳಿ, ಬಾಯಿ ಮುಚ್ಚಿ ಕೂತುಕೊಳ್ಳಿ.

ಇದು ಬರೀ ವಿನಯದ ಮಾತಲ್ಲ, ವಿಜ್ಞಾನಕ್ಕೂ ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ವರ್ಷದ ಒಂದು ಹೊತ್ತಿನಲ್ಲಿ ನೆಲದ ಒಣ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಅನ್ನುತ್ತಾರೆ. ಅದು ನಿಂತ ಮೇಲೆ ಲಾಂಟಾನ ಅನ್ನುವ ಕಳೆಗಿಡ ಕಾಡೆಲ್ಲ ತುಂಬಿತು, ನೆಲ್ಲಿಮರಗಳ ಮೇಲೆ ಉಪ್ಪಿಲು, ಅಂದರೆ ಮರದ ಮೇಲೆ ಬೇರೂರುವ ಬಂದಳಿಕೆ, ಜಾಸ್ತಿಯಾಯಿತು ಅಂತ ಅವರು ಹೇಳುತ್ತಾ ಬಂದರು. ಕಾಡಿನ ವಿಜ್ಞಾನಿಗಳು ಇದನ್ನು ಕಿವಿಗೊಟ್ಟು ಕೇಳಿ ಅಧ್ಯಯನ ಮಾಡಿದಾಗ ಬೆಂಕಿ, ಲಾಂಟಾನ, ಬಂದಳಿಕೆಯ ನಂಟು ಒಂದು ಗಂಭೀರ ಸಂಶೋಧನೆಯ ವಿಷಯವೇ ಆಯಿತು. ಆ ಪ್ರಶ್ನೆ ಹುಟ್ಟಿದ್ದು ಪೋಡಿನಲ್ಲಿ. ಯಾವ ಗ್ರಂಥಾಲಯದಲ್ಲಿ ಕೂತಿದ್ದರೂ ಅದು ಹೊಳೆಯುತ್ತಿರಲಿಲ್ಲ.

ಈಗ ಆ ಸಮುದಾಯದವರೇ ಸಂಶೋಧಕರಾಗಿದ್ದಾರೆ. ಸೋಲಿಗರಾದ ಡಾ. ಸಿ. ಮಾದೇಗೌಡರು ಕಾಡಿನ ಹಕ್ಕು, ಸಂಸ್ಕೃತಿಯ ಬಗ್ಗೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಅಂಥವರು ಬರೆದದ್ದನ್ನು ಮೊದಲು ಓದಿ, ಆಮೇಲೆ ಥರ್ಸ್‌ಟನ್‌ನ ಕಡೆ ಬನ್ನಿ.

ಹಂತ 4: ಅನುಮತಿಯ ಬಾಗಿಲುಗಳು

ಒಂದು ಪತ್ರ ಇದ್ದರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಾಗಿಲು ಮೂರು. ಒಂದನ್ನು ದಾಟಿದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಮೊದಲನೆಯದು ನಿಮ್ಮ ಸಂಸ್ಥೆಯ ನೈತಿಕತಾ ಸಮಿತಿ. ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಸಮಿತಿ ಇದು. ಆರೋಗ್ಯದ ಅಧ್ಯಯನಕ್ಕೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ಹೊರತಂದ ಮಾರ್ಗಸೂಚಿ ಅನ್ವಯಿಸುತ್ತದೆ. ನಿಮ್ಮದು ಸಮಾಜಶಾಸ್ತ್ರ ಆದರೂ ಅದನ್ನು ಒಮ್ಮೆ ಓದಿ.

ಎರಡನೆಯದು ಅರಣ್ಯ ಇಲಾಖೆ. ಪೋಡು ಅಥವಾ ಹಾಡಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶದ ಒಳಗಿದ್ದರೆ ಇಲಾಖೆಯ ಅನುಮತಿ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 28ನೇ ಕಲಂ ಅಧ್ಯಯನಕ್ಕಾಗಿ ಒಳಹೋಗಲು ಪರ್ಮಿಟ್ ಕೊಡುವ ಬಗ್ಗೆ ಇದೆ. ಅರ್ಜಿ ಹೋಗುವುದು ಬೆಂಗಳೂರಿನ ಅರಣ್ಯ ಭವನಕ್ಕೆ. ಇದು ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ವಿಷಯ ಗಟ್ಟಿಯಾದ ಕೂಡಲೇ ಅರ್ಜಿ ಹಾಕಿ. ಹೊರದೇಶದ ಪಾಸ್‌ಪೋರ್ಟ್ ಇರುವವರು ಪ್ರವಾಸಿ ವೀಸಾದಲ್ಲಿ ಬಂದು ಸಂಶೋಧನೆ ಮಾಡುವಂತಿಲ್ಲ, ಸಂಶೋಧನಾ ವೀಸಾವೇ ಬೇಕು.

ಮೂರನೆಯದು ಪೋಡಿನದೇ ಗ್ರಾಮಸಭೆ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಅಥವಾ ಗ್ರಾಮ ಪಂಚಾಯಿತಿಯ ಅಧ್ಯಕ್ಷರ ಸಹಿ ತಂದು ಗ್ರಾಮಸಭೆ ಆಯ್ತು ಅನ್ನುತ್ತಾರೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಅಂದರೆ ಆ ಹಾಡಿಯ, ಆ ಪೋಡಿನ ವಯಸ್ಕರೆಲ್ಲ ಸೇರುವ ಸಭೆ. ಅಲ್ಲಿ ನಿಮ್ಮ ವಿಷಯ ಹೇಳಿ. ಎಷ್ಟು ದಿನ ಇರುತ್ತೀರಿ, ಏನು ಕೇಳುತ್ತೀರಿ, ದುಡ್ಡು ಯಾರು ಕೊಟ್ಟಿದ್ದಾರೆ, ಬರೆದದ್ದು ಎಲ್ಲಿಗೆ ಹೋಗುತ್ತದೆ, ಎಲ್ಲವನ್ನೂ ಹೇಳಿ. ಅವರು ಬೇಡ ಅನ್ನಬಹುದು. ಬೇಡ ಅಂದರೆ ಬೇಡವೇ.

ಎಚ್ಚರಿಕೆ: ಇಲಾಖೆಯ ಜೀಪಿನಲ್ಲಿ, ಗಾರ್ಡ್ ಜೊತೆ ಪೋಡಿಗೆ ಇಳಿಯಬೇಡಿ. ಆ ದಿನದಿಂದ ನಿಮ್ಮನ್ನು ಇಲಾಖೆಯವರು ಅಂತಲೇ ನೋಡುತ್ತಾರೆ. ಕಾಡಿನಿಂದ ಏನು ತರುತ್ತೀರಿ ಅಂತ ನೀವು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ?

ಹಂತ 5: ಒಪ್ಪಿಗೆ ಅಂದರೆ ಹೆಬ್ಬೆಟ್ಟಲ್ಲ

ಗ್ರಾಮಸಭೆ ಒಪ್ಪಿದರೆ ಮನೆಮನೆಯೂ ಒಪ್ಪಿದೆ ಅಂತ ಅರ್ಥವಲ್ಲ. ಒಬ್ಬೊಬ್ಬರನ್ನೂ ಬೇರೆ ಕೇಳಬೇಕು. ಓದು ಬರಹ ಬಾರದವರಿಗೆ ಎಲ್ಲವನ್ನೂ ಅವರ ನುಡಿಯಲ್ಲಿ ಓದಿ ಹೇಳಬೇಕು, ನಿಮ್ಮ ತಂಡಕ್ಕೆ ಸೇರದ, ಓದು ಬಲ್ಲ ಒಬ್ಬ ಸಾಕ್ಷಿ ಅಲ್ಲಿರಬೇಕು. ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು ಅಂತ ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ, ಅಂದರೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ, ಲಸಿಕೆ ಕೊಡುವ ಅಧ್ಯಯನ ಶುರುವಾಯಿತು. ಅವರಲ್ಲಿ ತುಂಬಾ ಮಂದಿ ಆದಿವಾಸಿ ಹಾಸ್ಟೆಲ್‌ಗಳ ಮಕ್ಕಳು. ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಾವಿರಾರು ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದರು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆ ಮಾತು. ತನ್ನ ಮಗಳ ಮೈಗೆ ಏನು ಚುಚ್ಚುತ್ತಾರೆ ಅಂತ ತಾಯಿಗೆ ಗೊತ್ತಾಗಬೇಕಲ್ವಾ?

ಒಪ್ಪಿಗೆ ಒಂದು ಕೆಲಸಕ್ಕೆ ಮಾತ್ರ. ಅಮೆರಿಕದ ಮೂಲನಿವಾಸಿಗಳಾದ ಹವಾಸುಪಾಯ್ ಜನ 1990ರ ದಶಕದಲ್ಲಿ ತಮ್ಮಲ್ಲಿ ಜಾಸ್ತಿಯಾಗಿದ್ದ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಅಂದುಕೊಂಡು ರಕ್ತ ಕೊಟ್ಟರು. ಅರಿಜೋನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅದನ್ನು ಮಾನಸಿಕ ಕಾಯಿಲೆಯ, ವಲಸೆಯ ಇತಿಹಾಸದ ಅಧ್ಯಯನಗಳಿಗೂ ಬಳಸಿದರು. ಕೋರ್ಟಿಗೆ ಹೋದ ಜಗಳ 2010ರಲ್ಲಿ ರಾಜಿಯಾಗಿ, ಪರಿಹಾರದ ಜೊತೆಗೆ ಉಳಿದ ರಕ್ತವೂ ಅವರಿಗೆ ವಾಪಸ್ ಬಂತು. ನೀವು ರೆಕಾರ್ಡ್ ಮಾಡಿದ ಹಾಡು, ತೆಗೆದ ಫೋಟೊ, ಬರೆದುಕೊಂಡ ವಂಶಾವಳಿಗೂ ಇದೇ ನಿಯಮ. ಬೇರೆಯದಕ್ಕೆ ಬಳಸಬೇಕು ಅನ್ನಿಸಿದರೆ ಮತ್ತೆ ಹೋಗಿ ಕೇಳಿ.

ಕೂಲಿ ಬಿಟ್ಟು ನಿಮ್ಮ ಮುಂದೆ ಕೂತವರಿಗೆ ಆ ದಿನದ ಕೂಲಿಯ ಲೆಕ್ಕ ಕೊಡಿ. ಎಷ್ಟು ಅನ್ನುವುದನ್ನು ಗ್ರಾಮಸಭೆಯಲ್ಲೇ ತೀರ್ಮಾನಿಸಿ.

ಹಂತ 6: ನೆಲದ ಬಗ್ಗೆ ಓದುವವರಿಗೆ

ಮೊದಲು ಒಂದು ಕಾಲರೇಖೆ ಬರೆದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟವನ್ನೇ ತೆಗೆದುಕೊಂಡರೆ: 1974ರಲ್ಲಿ ಅಭಯಾರಣ್ಯ ಆಯಿತು, ಬೆಟ್ಟದ ಬೇಸಾಯ ನಿಂತು ಜನ ಪೋಡುಗಳಲ್ಲಿ ನೆಲೆ ನಿಲ್ಲಬೇಕಾಯಿತು. 2006ರಲ್ಲಿ ಜೇನು, ನೆಲ್ಲಿ, ಪಾಚಿಯಂಥ ಕಿರು ಅರಣ್ಯ ಉತ್ಪನ್ನ ಮಾರಲು ತರುವುದಕ್ಕೆ ತಡೆ ಬಿತ್ತು. 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಸಮುದಾಯಕ್ಕೆ ಹಕ್ಕು ಸಿಕ್ಕ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ನೀವು ಯಾವ ಪೋಡಿನಲ್ಲಿ ಯಾರನ್ನು ಏನು ಕೇಳಿದರೂ ಅವರ ಉತ್ತರ ಈ ವರ್ಷಗಳ ಸುತ್ತಲೇ ಇರುತ್ತದೆ. “ಅಭಯಾರಣ್ಯ ಆಗೋ ಮುಂಚೆ” ಅನ್ನುವುದು ಅವರ ಪಂಚಾಂಗ.

ಅರಣ್ಯ ಹಕ್ಕು ಕಾಯ್ದೆ 2006ರದ್ದು. 2005ರ ಡಿಸೆಂಬರ್ 13ಕ್ಕೆ ಮೊದಲೇ ಕಾಡಿನಲ್ಲಿ ನೆಲೆಸಿ ಉಳುತ್ತಿದ್ದ ಬುಡಕಟ್ಟು ಕುಟುಂಬ 4 ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಅರ್ಜಿ ಗ್ರಾಮಸಭೆಯಿಂದ ಹೊರಟು ಉಪವಿಭಾಗ ಮಟ್ಟದ ಸಮಿತಿ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ವೈಯಕ್ತಿಕ ಹಕ್ಕು ಬೇರೆ, ಸಮುದಾಯದ ಹಕ್ಕು ಬೇರೆ. “ಇಷ್ಟು ಅರ್ಜಿ ಬಂದವು, ಇಷ್ಟು ತಿರಸ್ಕಾರ” ಅನ್ನುವ ಸರ್ಕಾರಿ ಅಂಕಿ ನೋಡುವಾಗ ಯಾವ ಬಗೆಯ ಅರ್ಜಿ, ಬುಡಕಟ್ಟಿನವರದೋ ಇತರ ಅರಣ್ಯವಾಸಿಗಳದೋ ಅಂತ ಬಿಡಿಸಿ ನೋಡಿ. ಇತರರು 75 ವರ್ಷದ ವಾಸ ತೋರಿಸಬೇಕು, ಹಾಗಾಗಿ ಎರಡನ್ನೂ ಕೂಡಿಸಿದ ಅಂಕಿ ದಾರಿ ತಪ್ಪಿಸುತ್ತದೆ.

ಸಾಕ್ಷ್ಯ ಅಂದರೆ ಕಾಗದ ಮಾತ್ರ ಅಂತ ಕಚೇರಿಯಲ್ಲಿ ಕೆಲವರು ಹೇಳುತ್ತಾರೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದನ್ನು ಓದಿ. ಹಿರಿಯರ ಹೇಳಿಕೆ, ಹಳೆಯ ಮನೆಯ ಗುರುತು, ಬಾವಿ, ಸಮಾಧಿ, ದೇವರ ಜಾಗ, ಎಲ್ಲವೂ ಸಾಕ್ಷ್ಯ. ಸೋಲಿಗರು ಸಂಶೋಧಕರ ಜೊತೆ ಸೇರಿ ಇದೇ ಕೆಲಸ ಮಾಡಿದರು. ತಮ್ಮ ಕುಲಗಳ ಯೆಲ್ಲೆಗಳನ್ನು, ಅಂದರೆ ಒಂದೊಂದು ಕುಲಕ್ಕೆ ಸೇರಿದ ಕಾಡಿನ ಸೀಮೆಯನ್ನು, ನಡೆದು ಗುರುತಿಸಿದರು. ಅದರೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಅವರು ಕರೆಯುವ ನಾನೂರಕ್ಕೂ ಹೆಚ್ಚು ಪವಿತ್ರ ಜಾಗಗಳನ್ನು ನಕ್ಷೆಗೆ ತಂದರು. ಒಂದು ಸಂಶೋಧನೆ ಜನರ ಕೈಗೆ ಹತ್ಯಾರವಾಗುವುದು ಅಂದರೆ ಇದು. ನನ್ನನ್ನು ಕೇಳಿದರೆ ಹೊಸಬರು ಮಾದರಿ ಮಾಡಿಕೊಳ್ಳಬೇಕಾದ ಕೆಲಸ ಇದೇ.

ಆದರೆ ಎಚ್ಚರ. ಆ ಜಾಗಗಳ ಜಿಪಿಎಸ್ ಗುರುತನ್ನು ನಿಮ್ಮ ಪ್ರಬಂಧದಲ್ಲಿ ಅಚ್ಚು ಹಾಕಬೇಡಿ. ಯಾವುದನ್ನು ಹೊರಗೆ ತೋರಿಸಬಹುದು ಅಂತ ತೀರ್ಮಾನಿಸುವವರು ಆ ಕುಲದವರು.

ನಾಗರಹೊಳೆಯ ಬಗ್ಗೆ ಓದುವವರು ಪ್ರೊ. ಮುಜಫರ್ ಅಸ್ಸಾದಿ ನೇತೃತ್ವದ ಸಮಿತಿಯ ವರದಿ ಓದಲೇಬೇಕು. ಹೈಕೋರ್ಟ್ ನೇಮಿಸಿದ ಆ ಸಮಿತಿ ಕಾಡಿನಿಂದ ಹೊರಬಿದ್ದ 3,418 ಕುಟುಂಬಗಳನ್ನು ಗುರುತಿಸಿತು. ಕೊಡಗಿನಲ್ಲಾದರೆ ಪೈಸಾರಿ, ಲೈನ್‌ಮನೆ ಅನ್ನುವ ಎರಡು ಪದ ಕಲಿತುಕೊಳ್ಳಿ. ಪೈಸಾರಿ ಅಂದರೆ ಸರ್ಕಾರಿ ಪಾಳು ಜಮೀನು. ಲೈನ್‌ಮನೆ ಅಂದರೆ ಕಾಫಿ ತೋಟದ ಕೆಲಸದವರ ಸಾಲುಮನೆ. ಅಲ್ಲಿ ಮಾತಾಡಿಸುವಾಗ ಮಾಲೀಕರ ಅಪ್ಪಣೆ ಕೇಳಿದರೆ ಮಾಲೀಕರ ಎದುರಿಗೇ ಮಾತಾಡಬೇಕಾಗುತ್ತದೆ. ವಾರದ ಸಂತೆಯ ದಿನ, ತೋಟದ ಹೊರಗೆ ಭೇಟಿಯಾಗುವುದು ಒಳ್ಳೆಯದು.

ಕಚೇರಿಯ ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಾಲ್ಕು ವಿಷಯಕ್ಕೆ ನಾಲ್ಕು ಅರ್ಜಿ ಬರೆಯಿರಿ.

ಹಂತ 7: ಆರೋಗ್ಯದ ಬಗ್ಗೆ ಓದುವವರಿಗೆ

ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯಾ, ಈಗ ಎಲ್ಲರ ಬಾಯಲ್ಲಿದೆ. ಇದು ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. 2047ರೊಳಗೆ ಇದನ್ನು ಇಲ್ಲವಾಗಿಸುವ ಗುರಿಯ ರಾಷ್ಟ್ರೀಯ ಮಿಷನ್ 2023ರ ಜುಲೈ 1ರಂದು ಶುರುವಾಯಿತು. ಸೋಲಿಗರಲ್ಲಿ ಈ ಕಾಯಿಲೆಯ ಬಗ್ಗೆ, ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬಹಳ ಹಿಂದಿನಿಂದ ಕೆಲಸ ಮಾಡಿದೆ.

ಇಲ್ಲಿ ಗುಟ್ಟು ಕಾಯುವುದು ತುಂಬಾ ಮುಖ್ಯ. ಯಾರ ರಕ್ತದಲ್ಲಿ ಏನಿದೆ ಅನ್ನುವುದು ಪೋಡಿನಲ್ಲಿ ಹರಡಿದರೆ ಒಬ್ಬ ಹುಡುಗಿಯ ಮದುವೆಯೇ ನಿಲ್ಲಬಹುದು. ಮೂವತ್ತು ಮನೆಯ ಪೋಡಿನಲ್ಲಿ ಹೆಸರು ತೆಗೆದರೆ ಸಾಲದು. “42 ವರ್ಷದ ಹೆಂಗಸು, ಅಂಗನವಾಡಿ ಸಹಾಯಕಿ” ಅಂತ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಂಥ ಕಡೆ ಪೋಡಿನ ಹೆಸರನ್ನೂ ಬಿಡಿ.

ಪರೀಕ್ಷೆ ಮಾಡಿದರೆ ಫಲಿತಾಂಶವನ್ನು ಅವರಿಗೆ ತಿಳಿಸಿ, ಚಿಕಿತ್ಸೆಯ ದಾರಿ ತೋರಿಸಿ. ಆ ವ್ಯವಸ್ಥೆ ಇಲ್ಲದಿದ್ದರೆ ರಕ್ತ ತೆಗೆಯಲೇಬೇಡಿ.

ಇನ್ನೊಂದು: ಎಲ್ಲಾ ಕಾಯಿಲೆಗೂ ಕುಡಿತ, “ಅರಿವಿನ ಕೊರತೆ” ಅಂತ ಕಾರಣ ಬರೆಯುವ ಚಾಳಿ ಬಿಡಿ. ಆಸ್ಪತ್ರೆ ಎಷ್ಟು ದೂರ, ಸಂಜೆ ಮೇಲೆ ಆನೆ ದಾರಿಯಲ್ಲಿ ವಾಹನ ಬರುತ್ತದಾ, ಕಾಡಿನ ಗೆಣಸು ಸೊಪ್ಪು ತರುವುದು ನಿಂತ ಮೇಲೆ ತಟ್ಟೆಯಲ್ಲಿ ಏನು ಬದಲಾಯಿತು, ಇವನ್ನು ಕೇಳಿ.

ಹಂತ 8: ಶಾಲೆಯ ಬಗ್ಗೆ

ಆಶ್ರಮ ಶಾಲೆ ಅಂದರೆ ಬುಡಕಟ್ಟು ಮಕ್ಕಳಿಗೆ ಊಟ, ವಸತಿ ಕೊಡುವ ಸರ್ಕಾರಿ ಶಾಲೆ. ಹಾಜರಿ ಪುಸ್ತಕವೊಂದನ್ನೇ ನಂಬಬೇಡಿ. ಹಬ್ಬ, ಜೇನಿನ ಕಾಲ, ಕಾಫಿ ಕೊಯ್ಲಿನ ತಿಂಗಳುಗಳ ಪಕ್ಕದಲ್ಲಿಟ್ಟು ನೋಡಿ. ಮಗುವನ್ನು ಶಿಕ್ಷಕರ ಎದುರು ಮಾತಾಡಿಸಬೇಡಿ. ಮನೆಯ ನುಡಿ ಬೇರೆ ಇರುವ ಮಗು ಒಂದನೇ ತರಗತಿಯಲ್ಲಿ ಸುಮ್ಮನೆ ಕೂತಿದ್ದರೆ ಅದು ದಡ್ಡತನವಲ್ಲ ಅನ್ನುವುದು ನಿಮ್ಮ ಪರೀಕ್ಷೆಯ ಅಂಕದಲ್ಲಿ ಕಾಣುವುದಿಲ್ಲ. ಚಿಕ್ಕ ತರಗತಿಗಳಿಗೆ ಚಟುವಟಿಕೆಯ ಮೂಲಕ ಕಲಿಸುವ, ರಾಜ್ಯವೆಲ್ಲ ಹರಡಿದ ನಲಿ ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಹಾಡಿಗಳ ತಾಲ್ಲೂಕಿನಲ್ಲಿ ಹುಟ್ಟಿದ ಪದ್ಧತಿ ಹಾಡಿಯ ಮಕ್ಕಳಿಗೆ ಎಷ್ಟು ಒದಗಿತು ಅಂತ ಯಾರಾದರೂ ಅಧ್ಯಯನ ಮಾಡಬೇಕು ಅಂತ ನನಗೆ ಆಸೆ.

ಹಂತ 9: ಗಿಡಮೂಲಿಕೆ, ಹಾಡು, ಮಂತ್ರ

ಇವು ಅವರ ಆಸ್ತಿ. ಜೀವವೈವಿಧ್ಯದ ಬಗೆಗಿನ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಅರಣ್ಯ ಹಕ್ಕು ಕಾಯ್ದೆಯೇ ಒಪ್ಪಿದೆ. 2002ರ ಜೀವವೈವಿಧ್ಯ ಕಾಯ್ದೆಯೂ ಲಾಭದಲ್ಲಿ ಪಾಲು ಕೊಡಬೇಕು ಅನ್ನುತ್ತದೆ. ಕೇರಳದ ಕಾಣಿ ಜನ ಆರೋಗ್ಯಪಚ್ಚ ಅನ್ನುವ ಗಿಡವನ್ನು 1987ರಲ್ಲಿ ವಿಜ್ಞಾನಿಗಳಿಗೆ ತೋರಿಸಿದರು. ಅದರಿಂದ ಜೀವನಿ ಅನ್ನುವ ಔಷಧ ಬಂತು. ಪರವಾನಗಿ ಶುಲ್ಕದಲ್ಲಿ, ರಾಯಧನದಲ್ಲಿ ಅರ್ಧ ಪಾಲು ಕಾಣಿಗಳಿಗೆ ಅಂತ ತೀರ್ಮಾನವಾಯಿತು, ಅದಕ್ಕಾಗಿ ಅವರದೇ ಟ್ರಸ್ಟ್ ಕಟ್ಟಿದರು. ನೀವು “ಸೋಲಿಗರು ಬಳಸುವ 60 ಗಿಡಗಳು” ಅಂತ ಪಟ್ಟಿ ಅಚ್ಚು ಹಾಕಿದರೆ ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆಗ ಪಾಲು ಕೇಳುವ ದಾರಿಯನ್ನೇ ನೀವು ಮುಚ್ಚಿದಂತೆ. ಯಾವ ಗಿಡದ ಹೆಸರು ಹಾಕಬಹುದು, ಯಾವುದು ಬೇಡ ಅಂತ ಕೇಳಿ ಬರೆಯಿರಿ.

ಹಂತ 10: ವಾಪಸ್ ಹೋಗುವುದು

ಇದು ಸೌಜನ್ಯದ ಭೇಟಿ ಅಂತ ಅಂದುಕೊಳ್ಳಬೇಡಿ, ಸಂಶೋಧನೆಯ ಭಾಗ ಅಂತ ಬಜೆಟ್‌ನಲ್ಲೇ ಸೇರಿಸಿ. ಪ್ರಬಂಧ ಒಪ್ಪಿಸುವ ಮೊದಲು ಒಂದು ಸಲ ಹೋಗಬೇಕು. ಬರೆದದ್ದನ್ನು ಸರಳ ಕನ್ನಡದಲ್ಲಿ ಎಂಟು ಹತ್ತು ಪುಟಕ್ಕೆ ಇಳಿಸಿ, ಸಭೆಯಲ್ಲಿ ಓದಿ ಹೇಳಿ. “ಹಾಗಲ್ಲ, ಹೀಗೆ” ಅಂದದ್ದನ್ನು ತಿದ್ದಿ. ನಿಮಗೆ ಒಪ್ಪಿಗೆಯಾಗದ ಕಡೆ ಅವರ ಮಾತನ್ನೂ ನಿಮ್ಮ ಮಾತನ್ನೂ ಪಕ್ಕಪಕ್ಕದಲ್ಲಿಡಿ.

ಒಪ್ಪಿಸಿದ ಮೇಲೆ ಇನ್ನೊಂದು ಸಲ ಹೋಗಿ. ಕನ್ನಡದ ಸಾರಾಂಶ, ಫೋಟೊಗಳು, ರೆಕಾರ್ಡ್ ಮಾಡಿದ ಹಾಡು ಮಾತುಗಳ ಪೆನ್‌ಡ್ರೈವ್, ಪತ್ರಾಗಾರದಲ್ಲಿ ಸಿಕ್ಕ ಹಳೆಯ ಕಡತಗಳ ಜೆರಾಕ್ಸ್, ಎಲ್ಲವನ್ನೂ ಕೊಡಿ. ಕಡತದ ಪ್ರತಿ ಕೊಡುವುದನ್ನು ಮರೆಯಬೇಡಿ. ತಾತನ ಹೆಸರಿರುವ ಹಳೆಯ ಕೂಲಿ ಪಟ್ಟಿ ನಿಮಗೆ ಅಡಿಟಿಪ್ಪಣಿ ಇರಬಹುದು. ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದ ಮೊಮ್ಮಗನಿಗೆ ಅದೇ ಸಾಕ್ಷ್ಯ ಆಗಬಹುದು. ಒಂದು ಪ್ರತಿಯನ್ನು ಅರಣ್ಯ ಹಕ್ಕು ಸಮಿತಿಯ ಕಡತದಲ್ಲಿ ಸೇರಿಸಿ, ಇನ್ನೊಂದನ್ನು ಪೋಡಿನಲ್ಲಿ ಓದು ಬಲ್ಲ ಒಬ್ಬರ ಮನೆಯಲ್ಲಿಡಿ. ಮಳೆಗಾಲದಲ್ಲಿ ಕಾಗದ ಬೂಸಲು ಹಿಡಿಯುತ್ತದೆ, ಲ್ಯಾಮಿನೇಟ್ ಮಾಡಿಸಿಕೊಂಡೇ ಹೋಗಿ.